ಪಾಪಾಸುಕಳ್ಳಿಗೆ ಹೊದಿಕೆ

ಯಾರು ಹೊದಿಸಿದರೆಂದು ಕೇಳುವ ಅಗತ್ಯವೇ ಇರಲಿಲ್ಲ. ಪ್ಲಾಸ್ಟಿಕ್ ಹಾಳೆಯ ಅಂಚಿಗೆ ಹೇರಿದ್ದ ಇಟ್ಟಿಗೆಗಳು ಪಕ್ಕದ ಮನೆಯ ಆರ್ಡಿಸಳವು. ಸಿಗ್ನೆ ಕಾರಿನ ಬಾಗಿಲು ಹಾಕುವುದನ್ನೂ ಮರೆತು ಅಂಗಳದಲ್ಲೇ ನಿಂತಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅತ್ತೆಯ ಮನೆಗೆ ಹೋಗಿ ಬರುವಷ್ಟರಲ್ಲಿ ಅವಳ ಜಲ್ಲಿಕಲ್ಲಿನ ಪಾತಿ ರೋಗಿಯ ಹಾಸಿಗೆಯಾಗಿತ್ತು. ಹಾಳೆಯ ಒಳಮೈಯೆಲ್ಲ ಬೆವರು. ಏನೂ ಕಾಣುತ್ತಿರಲಿಲ್ಲ.

"ಎಷ್ಟು ಒಳ್ಳೇ ಹೆಂಗಸು ನೋಡು," ಎಂದ ವೆಂಡೆಲ್, ಸೂಟ್‌ಕೇಸು ಇಳಿಸುತ್ತ.

"ಕೊಳೆತುಹೋಗತ್ತೆ."

"ಯಾವ್ದು?"

"ಎಲ್ಲಾ."

"ಚಳೀಗೆ ಹೊದಿಸಿದ್ರೆ ಕೊಳೆಯತ್ತಾ? ನಿಂದೊಳ್ಳೇ ಕಥೆ." ಗಂಡ ಒಳಗೆ ಹೋದ.

ಪ್ರತಿ ವರ್ಷ ಅವನಿಗೆ ಹೇಳಿದ್ದಳು. ಚಳಿಗಲ್ಲ, ನೀರಿಗೆ ಸಾಯುವ ಗಿಡ ಈ ಪಾಪಾಸುಕಳ್ಳಿ. ಚಳಿ ಬರುವ ಮೊದಲೇ ಮೈಯ ನೀರನ್ನೆಲ್ಲ ಬಿಟ್ಟುಕೊಟ್ಟು, ಸುಕ್ಕುಗಟ್ಟಿ, ನೇರಳೆ ಬಣ್ಣಕ್ಕೆ ತಿರುಗಿ ಕಲ್ಲಿನ ಮೇಲೆ ಬೋರಲು ಬೀಳುತ್ತದೆ. ನೋಡಿದವರು ಸತ್ತಿತು ಅನ್ನುತ್ತಾರೆ. ಹೆಪ್ಪುಗಟ್ಟುವುದಕ್ಕೆ ಒಳಗೆ ಏನನ್ನೂ ಉಳಿಸಿಕೊಳ್ಳದಿರುವುದೇ ಅದರ ಉಪಾಯ. ಹಿಮದಡಿಯಲ್ಲಿ ಹಾಗೇ ಬಿದ್ದಿದ್ದು ಮೇ ತಿಂಗಳಲ್ಲಿ ಎದ್ದು ನಿಲ್ಲುತ್ತದೆ.

ಇದನ್ನೆಲ್ಲ ಕಲಿಸಿದವನು ತಮ್ಮ ಲೈಲ್. ನದಿಯಂಚಿನ ಬಂಡೆಯಿಂದ ಒಂದೇ ಒಂದು ತುಂಡು ತಂದು, ಕೈಗವಸಿನ ತುಂಬ ಮುಳ್ಳು ಮಾಡಿಕೊಂಡು, "ನಿನ್ನಂಥದ್ದೇ ಒಂದು ಸಿಕ್ತು ಕಣೇ ಅಕ್ಕ," ಎಂದಿದ್ದ. ಅದೇ ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋದ. ಮಂಜುಗಡ್ಡೆ ಇನ್ನೂ ತೆಳುವಾಗಿತ್ತು. ಕಾಲಡಿಯೇ ಒಡೆಯಿತು.

ಆಮೇಲೆ ಸಾವಿನ ಮನೆಗೆ ಬಂದದ್ದು ಪಾತ್ರೆಗಳು. ಬೀದಿಯ ಪ್ರತಿ ಮನೆಯಿಂದ ಆಲೂಗಡ್ಡೆ, ಮಾಂಸ, ಚೀಸು ಹಾಕಿ ಬೇಯಿಸಿದ ಬಿಸಿ ಪಾತ್ರೆಗಳು. ಅತ್ತುಬಿಡು, ಹಗುರಾಗತ್ತೆ ಎಂದರು. ಅವಳು ಅಳಲಿಲ್ಲ. ಒಣಗಿಹೋಗಿದಾಳೆ ಎಂದು ಅವಳೆದುರೇ ಪಿಸುಗುಟ್ಟಿದರು. ಪ್ರತಿಯೊಬ್ಬರಿಗೂ ಥ್ಯಾಂಕ್ಸ್ ಹೇಳಿದಳು.

ಈಗ ಹಾಳೆಯನ್ನು ಕಿತ್ತೆಸೆಯಬೇಕು. ಆದರೆ ಆರ್ಡಿಸಳ ಅಡುಗೆಮನೆಯ ಕಿಟಕಿ ಇತ್ತಲೇ ತೆರೆಯುತ್ತದೆ. ಈ ಊರಿನಲ್ಲಿ ಒಬ್ಬರು ಮಾಡಿದ ಉಪಕಾರವನ್ನು ಅವರ ಕಣ್ಣೆದುರು ಯಾರೂ ತೆಗೆದುಹಾಕುವುದಿಲ್ಲ. ನಿಮ್ಮ ಅಂಗಳದ ಹಿಮ ಬಾಚಿಕೊಡುವ ನೆರೆಯವನು ಅದನ್ನು ನಿಮ್ಮ ಗುಲಾಬಿಯ ಮೇಲೇ ಸುರಿದರೂ ಕಿಟಕಿಯಿಂದ ಕೈಬೀಸಬೇಕು. ಬೇಡ ಎನ್ನುವುದಕ್ಕೆ ಇಲ್ಲಿ ಮಾತೇ ಇಲ್ಲ. ಕಾಲೇಜಿನಲ್ಲಿ ಹುಡುಗರಿಗೆ ಅವಳು ಕಲಿಸುವುದು ತರ್ಕಶಾಸ್ತ್ರ.

ಸಿಟ್ಟು ಬಂದಿತ್ತು. ಆರ್ಡಿಸಳ ಮೇಲೋ ತನ್ನ ಮೇಲೋ ಗೊತ್ತಾಗಲಿಲ್ಲ.

"ರಾತ್ರಿ ಸೊನ್ನೆಗಿಂತ ಕೆಳಗೆ ಹೋಗತ್ತಂತೆ," ವೆಂಡೆಲ್ ಒಳಗಿನಿಂದ ಕೂಗಿದ. "ಬೆಚ್ಚಗಿನ ದಿನಗಳು ಮುಗಿದ್ವು. ಆರ್ಡಿಸ್ ಪಾತ್ರೆ ಇಲ್ಲೇ ಇದೆ, ಕೊಟ್ಟು ಬಾ. ಬರೀ ಪಾತ್ರೆ ಕೊಡ್ಬೇಡ, ಅಮ್ಮ ಕೊಟ್ಟ ಕೇಕ್ ಹಾಕು."

ಹೇಳಿಬಿಡುತ್ತೇನೆ ಎಂದುಕೊಂಡಳು. ಪಾತ್ರೆ ಕೈಗಿಟ್ಟು, ನೇರವಾಗಿ, ಒಂದೇ ವಾಕ್ಯದಲ್ಲಿ. ಕೇಕಿನ ಪಾತ್ರೆ ಹಿಡಿದು ಅಂಗಳ ದಾಟುವ ಮೊದಲೇ ಆರ್ಡಿಸ್ ಎದುರಾದಳು. ಕೈಯಲ್ಲಿ ಹಬೆಯಾಡುವ ಕೆಟಲ್.

"ಬಂದ್ಯೇನೇ! ಏನು ಇಷ್ಟು ಸೊರಗಿದೀಯಾ? ಅತ್ತೆ ಊಟ ಹಾಕ್ಲಿಲ್ವಾ?"

"ಆರ್ಡಿಸ್, ಈ ಪ್ಲಾಸ್ಟಿಕ್ಕು..."

"ಅಯ್ಯೋ, ಅದಕ್ಕೆಲ್ಲ ಏನೂ ಹೇಳ್ಬೇಡ. ನೀನು ಹೋದ ದಿನ ನೋಡ್ತೀನಿ, ಪಾಪ, ಲೈಲ್ ಗಿಡ ಸತ್ತು ಬಿದ್ದಿದೆ. ಕರುಳು ಚುರ್ ಅಂತು ಕಣೇ. ದಿನಾ ಬೆಚ್ಚಗಿನ ನೀರು ಹಾಕ್ದೆ. ಬಾ ಇಲ್ಲಿ, ನೋಡು."

ಇಟ್ಟಿಗೆ ಸರಿಸಿ ಹಾಳೆಯ ಮೂಲೆ ಎತ್ತಿದಳು.

ಪಾಪಾಸುಕಳ್ಳಿ ಎದ್ದು ನಿಂತಿತ್ತು. ಸುಕ್ಕಿಲ್ಲ, ನೇರಳೆಯಿಲ್ಲ. ತುಂಬಿಕೊಂಡ ಹಸಿರು. ನೀರು ಕುಡಿದು ಬಿಗಿದ ದಪ್ಪ ತುಂಡುಗಳು. ಇಷ್ಟು ಚೆಲುವಾಗಿ ಅದು ಮೇ ತಿಂಗಳಲ್ಲೂ ಕಂಡಿರಲಿಲ್ಲ. ಈ ರಾತ್ರಿ ಒಳಗಿನ ನೀರೆಲ್ಲ ಹೆಪ್ಪುಗಟ್ಟಿ ಅದನ್ನು ಸೀಳುತ್ತದೆ. ಬೆಳಿಗ್ಗೆ ಲೋಳೆ. ಅಗೆದು ಒಳಗೆ ಒಯ್ಯಬೇಕು, ಈಗಲೇ. ಹೇಳಿದರೆ ಸಾಕು.

"ಬದುಕ್ಕೊಂತಲ್ಲೇ!" ಆರ್ಡಿಸಳ ಕಣ್ಣಲ್ಲಿ ನೀರು. "ಲೈಲ್ ನೋಡಿದ್ರೆ ಎಷ್ಟು ಖುಷಿ ಪಡ್ತಿದ್ದ."

ಸಿಗ್ನೆ ಬಾಯಿ ತೆರೆದಳು.

"ಥ್ಯಾಂಕ್ಸ್," ಎಂದಳು.

ಆರ್ಡಿಸ್ ಕೆಟಲ್ ಬಗ್ಗಿಸಿದಳು. ಕೊನೆಯ ಹನಿಯವರೆಗೂ ಸುರಿದು, ಹಾಳೆಯನ್ನು ಎಳೆದು, ಮಗುವಿಗೆ ಹೊದಿಸಿದಂತೆ ಅಂಚುಗಳನ್ನು ಒಳಗೆ ಸಿಕ್ಕಿಸಿ, ಮೇಲೊಮ್ಮೆ ತಟ್ಟಿದಳು. ಬೆವರ ಹನಿಗಳು ಉದುರಿ ಹಾಳೆ ತಿಳಿಯಾಯಿತು. ಅದರಡಿ, ಅಂಗೈಯಗಲದ ಹಸಿರು ತುಂಡುಗಳು ಮೇಲಕ್ಕೆ ಚಾಚಿ, ಹಾಳೆಗೆ ಒತ್ತಿಕೊಂಡು ನಿಂತಿದ್ದವು.

ಮಂಜುಗಡ್ಡೆಯ ಕೆಳಗಿನಿಂದ ಲೈಲ್‌ನ ಅಂಗೈಗಳೂ ಹೀಗೇ ಒತ್ತಿರಬೇಕು.

ಕೇಕಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಿಗ್ನೆ ನಗುತ್ತ ನಿಂತಿದ್ದಳು.