ಐದಕ್ಕೆ ಆರು

ಡಿಸೆಂಬರ್ ಇಪ್ಪತ್ತೈದಕ್ಕೆ ರಜೆ ಕೊಡುವುದಿದ್ದರೆ ಒಬ್ಬರಿಗೆ ಮಾತ್ರ ಎಂದು ಸಕೀನಕ್ಕ ಹೇಳಿದಾಗ ನಾನು ಒಂದು ಹಸಿರು ಗೌನಿಗೆ ಕಾಜ ಹೊಲಿಯುತ್ತಿದ್ದೆ. ಅದು ತೊಂಬತ್ತಾರನೇ ಇಸವಿ. ಜನವರಿಯಲ್ಲಿ ರಂಜಾನ್ ಶುರುವಾಗುವುದರಿಂದ ಮದುವೆಗಳೆಲ್ಲ ಅದಕ್ಕೆ ಮೊದಲೇ ಮುಗಿಯಬೇಕಿತ್ತು. ಕೊಲ್ಲಿ ದೇಶದ ಮುಶೈರಿಬ್‌ನ ನಮ್ಮ ಹೊಲಿಗೆ ಅಂಗಡಿಯಲ್ಲಿ ಗೌನುಗಳು ಕಪಾಟು ತುಂಬಿ, ಬಾಗಿಲ ಹಿಂದೆಯೂ ನೇತಾಡುತ್ತಿದ್ದವು.

"ಮೂವರೂ ಕ್ರಿಸ್ತುವರೇ ಸೇರಿದ್ದೀರಿ, ನಾನೆಂತ ಮಾಡಲಿ?" ಅಂದರು ಸಕೀನಕ್ಕ. ಅವರು ಉಳ್ಳಾಲದವರು, ಅಂಗಡಿಯ ಸೂಪರ್‌ವೈಸರ್. "ಯಾರಿಗೆ ಅಂತ ನೀವೇ ಮಾತಾಡಿಕೊಳ್ಳಿ. ಜಗಳ ನನ್ನ ಹತ್ತಿರ ತರಬೇಡಿ."

ಮೂವರೆಂದರೆ ಕಟಿಂಗ್ ಮಾಸ್ಟರ್ ಕೆನೆತ್, ಮಿಷನ್ ಕೆಲಸದ ಎಡ್ನಾ ಬಾಯಿ, ಮತ್ತೆ ಕಾಜ, ಗುಂಡಿ, ಅಂಚು ಅಂತ ಕೈಕೆಲಸ ಮಾಡುವ ನಾನು, ತೆರೆಜಾ. ನನಗೆ ಬೇಡ ಅಂದೆ. ಈ ಊರಿನಲ್ಲಿ ನನಗೆ ಹೋಗಲಿಕ್ಕೆ ಮನೆ ಇರಲಿಲ್ಲ. ಎಡ್ನಾ ಬಾಯಿಯೂ ನಾನೂ ಇದ್ದ ಅಲ್ ಮುಂತಜಾದ ರೂಮಿನಲ್ಲಿ ಒಬ್ಬಳೇ ಕೂರುವುದಕ್ಕಿಂತ ಅಂಗಡಿಯೇ ವಾಸಿ.

ಎಡ್ನಾ ಬಾಯಿಗೆ ಹಾಗಲ್ಲ. ಅವಳ ಗಂಡ ಆಂಟನಿ ರಾಸ್ ಲಫಾನ್‌ನ ಸೈಟಿನಲ್ಲಿ ವೆಲ್ಡರ್. ಮದುವೆಯಾಗಿ ಒಂದೂವರೆ ವರ್ಷ. ಒಂದೇ ದೇಶದಲ್ಲಿದ್ದೂ ಅವರು ಒಬ್ಬರನ್ನೊಬ್ಬರು ನೋಡುವುದು ತಿಂಗಳಿಗೊಂದು ಸಲ. ಆ ತಿಂಗಳು ಅವನಿಗೆ ಸಿಕ್ಕಿದ ಒಂದೇ ದಿನ ಕ್ರಿಸ್‌ಮಸ್. ಕ್ಯಾಂಪಿನ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಎಂಟಕ್ಕೆ ವಾಪಸು. ನಮ್ಮ ಅಂಗಡಿ ಮುಚ್ಚುವುದು ರಾತ್ರಿ ಹತ್ತಕ್ಕೆ.

ಕೆನೆತ್ ಮಾಸ್ಟ್ರ ಕಾರಣವೂ ಸುಳ್ಳಲ್ಲ. ರೂಮಿನಲ್ಲಿ ಅವರ ಜೊತೆ ಎಂಟು ಮಂದಿ. ಆರು ವರ್ಷದಿಂದ ಹಬ್ಬದ ಅಡುಗೆ ಅವರದೇ. "ನಾನಿಲ್ಲದಿದ್ದರೆ ಆ ಎಂಟು ಮಂದಿ ಹಬ್ಬದ ದಿನ ಬ್ರೆಡ್ಡು ತಿಂದು ಮಲಗಬೇಕು" ಅಂದರು. ಆಮೇಲೆ, "ಚೀಟಿ ಎತ್ತುವುದು ಬೇಡ, ಅದು ಕುರುಡು. ಆಡುವ. ಬುದ್ಧಿ ಇದ್ದವರು ಗೆಲ್ಲಲಿ."

ಮಾಸ್ಟ್ರು ಮೊದಲು ಎರಡು ವರ್ಷ ಪ್ರವಾಸಿ ಹಡಗಿನಲ್ಲಿ ಇಸ್ಪೀಟು ಮೇಜಿಗೆ ನಿಂತು ಎಲೆ ಹಂಚಿದವರು. ಬ್ಲ್ಯಾಕ್‌ಜ್ಯಾಕ್ ಅಂದರೆ ಅವರಿಗೆ ಕತ್ತರಿಯಷ್ಟೇ ಸಲೀಸು. ದುಡ್ಡಿನ ಮಾತು ಬಂದರೆ ಎಲೆಗಳನ್ನು ತುಂಡು ಮಾಡುತ್ತೇನೆ ಎಂದು ಸಕೀನಕ್ಕ ಮೊದಲೇ ಹೇಳಿದ್ದರು. ಹಾಗಾಗಿ ಮಾಸ್ಟ್ರು ಜೋಡಿ ತಪ್ಪಿದ ಗುಂಡಿಗಳ ಡಬ್ಬ ತಂದರು. ಇಬ್ಬರಿಗೂ ನೂರು ನೂರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತಿತ್ತು. ಊಟ ಮುಗಿಸಿ ಕಟಿಂಗ್ ಮೇಜಿನ ಮೇಲೆ ಹತ್ತು ಮಧ್ಯಾಹ್ನ ಆಟ. ಹತ್ತನೆಯ ದಿನ ಯಾರ ಹತ್ತಿರ ಹೆಚ್ಚು ಗುಂಡಿಯೋ ಅವರಿಗೆ ರಜೆ.

ಆಟ ಇಷ್ಟೇ. ಎಲೆ ಹಂಚುವವರಿಗೆ ಎರಡು, ಆಡುವವರಿಗೆ ಎರಡು. ಇಪ್ಪತ್ತೊಂದರ ಹತ್ತಿರ ಹೋಗಬೇಕು, ಮೀರಬಾರದು. ರಾಜ, ರಾಣಿ, ಗುಲಾಮ ಹತ್ತು. ಎಕ್ಕ ಒಂದೂ ಆಗುತ್ತದೆ, ಹನ್ನೊಂದೂ ಆಗುತ್ತದೆ. ಹಂಚುವವರ ಒಂದು ಎಲೆ ಎಲ್ಲರಿಗೂ ಕಾಣುತ್ತದೆ, ಇನ್ನೊಂದು ಮಗುಚಿರುತ್ತದೆ. ಆಡುವವರು ಬೇಕಾದಷ್ಟು ಎಲೆ ಕೇಳಿ ನಿಲ್ಲಿಸಿದ ಮೇಲೆ ಹಂಚುವವರ ಸರದಿ. ಅವರು ಹದಿನೇಳು ಬರುವವರೆಗೆ ಎಳೆದು ನಿಲ್ಲಬೇಕು. ಗೆದ್ದರೆ ಇಟ್ಟಷ್ಟೇ ಗುಂಡಿ ಸಿಗುತ್ತದೆ, ಸಮ ಬಂದರೆ ಅವರವರ ಗುಂಡಿ ಅವರವರಿಗೆ. ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತು ಬಿದ್ದರೆ ಅದು ಬ್ಲ್ಯಾಕ್‌ಜ್ಯಾಕ್. ಅದಕ್ಕೆ ಎರಡು ಇಟ್ಟರೆ ಮೂರು ಸಿಗುತ್ತದೆ.

ಹಂಚುವುದು ಮಾಸ್ಟ್ರೇ ಎಂಬುದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಅವರ ಕೈಯಲ್ಲಿ ಎಲೆ ನೀರಿನ ಹಾಗೆ ಜಾರುತ್ತಿತ್ತು.

ನಾನು ಮೇಜಿನ ತುದಿಯಲ್ಲಿ ಅಂಚು ಹೊಲಿಯುತ್ತಾ ಕೂರುತ್ತಿದ್ದೆ. ಎರಡು ದಿನದಲ್ಲಿ ಎಡ್ನಾ ಬಾಯಿಯ ಗುಂಡಿ ನೂರ ಹದಿನೆಂಟಕ್ಕೆ ಏರಿತು. ಅವಳು ಸೂಜಿಗೆ ನೂಲು ಪೋಣಿಸುವಾಗಲೂ ಹಾಡು ಗುನುಗತೊಡಗಿದಳು.

ಮೂರನೆಯ ದಿನ ಮಾಸ್ಟ್ರು ಎಲೆ ಕಲಸುತ್ತಾ, "ಇದು ಹಳೇ ಮೇಜಿನ ಲೆಕ್ಕ ಎಡ್ನಾ. ಹೊಸ ಲೆಕ್ಕ ಮಾಡುವನಾ?" ಅಂದರು.

"ಎಂತ ಹೊಸತು?"

"ಬ್ಲ್ಯಾಕ್‌ಜ್ಯಾಕ್ ಬಿದ್ದರೆ ಈಗ ಎರಡಕ್ಕೆ ಮೂರು ಕೊಡ್ತೇನೆ. ಇನ್ನು ಮೇಲೆ ಐದಕ್ಕೆ ಆರು. ಐದು ಗುಂಡಿಗಿಂತ ಕಡಿಮೆ ಇಡಲಿಕ್ಕಿಲ್ಲ. ನಿನಗೆ ಆರು ಕೊಟ್ಟದ್ದಕ್ಕೆ ನನಗೂ ಸಣ್ಣದೇನಾದರೂ ಬೇಕಲ್ಲ. ಸಮ ಬಂದರೆ ಗುಂಡಿ ನನಗೆ. ಮತ್ತೆ ಎಕ್ಕ ಸೇರಿ ಹದಿನೇಳಾದರೆ ನಾನು ಇನ್ನೊಂದು ಎಲೆ ಎಳೆಯಬಹುದು."

"ಮೂರು ಹೋಗಿ ಆರಾಯಿತಾ? ಹಬ್ಬ ಬಂತಲ್ಲ, ಮಾಸ್ಟ್ರಿಗೆ ಧರ್ಮಬುದ್ಧಿ ಬಂದಿದೆ" ಅಂದಳು ಎಡ್ನಾ ಬಾಯಿ. "ಆಗಲಿ, ಹಂಚಿ."

ನನ್ನ ಸೂಜಿ ನಿಂತಿತು. ಆ ಲೆಕ್ಕ ಸರಿ ಕಾಣಲಿಲ್ಲ. ಆದರೆ ಮಾಸ್ಟ್ರು ಹಡಗು ನೋಡಿದವರು, ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಶಿರ್ವದಲ್ಲಿ ಮಲ್ಲಿಗೆ ಕಟ್ಟಿದವಳು. ತಪ್ಪು ನನ್ನದೇ ಇರಬಹುದು ಅನ್ನಿಸಿತು. ತಪ್ಪೋ ಸರಿಯೋ ನೋಡಲಿಕ್ಕೆ ಒಂದೇ ದಾರಿ ನನಗೆ ಗೊತ್ತಿದ್ದದ್ದು. ಅಳತೆ ಬರೆಯುವ ಕಂದು ಕಾಗದದ ಒಂದು ತುಂಡು ತೊಡೆಯ ಮೇಲಿಟ್ಟು, ಚಾಕ್‌ನಲ್ಲಿ ಗೀಟು ಹಾಕತೊಡಗಿದೆ. ಗೆದ್ದದ್ದಕ್ಕೆ ಒಂದು ಸಾಲು, ಸೋತದ್ದಕ್ಕೆ ಒಂದು, ಸಮಕ್ಕೆ ಒಂದು, ಬ್ಲ್ಯಾಕ್‌ಜ್ಯಾಕ್‌ಗೆ ಒಂದು. ದಿನಕ್ಕೆ ಇಪ್ಪತ್ತೈದರಷ್ಟು ಆಟ. ನಾನು ಹೊಲಿಗೆಯ ಗುರುತು ಹಾಕುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

ಆರನೆಯ ದಿನದ ಕೊನೆಗೆ ಎಡ್ನಾ ಬಾಯಿಯ ಹತ್ತಿರ ಐವತ್ತೆಂಟು ಗುಂಡಿ ಉಳಿದಿದ್ದವು. ಅವಳ ಹಾಡು ನಿಂತುಹೋಗಿತ್ತು. ರಾತ್ರಿ ರೂಮಿಗೆ ನಡೆಯುವಾಗ, "ಆಂಟನಿಗೆ ಫೋನ್ ಮಾಡಿ ಬರಬೇಡ ಅಂತ ಹೇಳುವುದೇ ಒಳ್ಳೆಯದು. ಬಂದು ಅಂಗಡಿಯ ಗಾಜಿನ ಹೊರಗೆ ನಿಂತು ನನ್ನನ್ನು ನೋಡುವುದೆಂತಕ್ಕೆ?" ಅಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

"ಎಡ್ನಾ ಬಾಯಿ, ಊರಿನಲ್ಲಿ ನೀನು ಬಂಗುಡೆ ತಕ್ಕೊಳ್ಳುವಾಗ ಮೀನಿನವಳು ಎರಡಕ್ಕೆ ಮೂರು ಕೊಡ್ತೇನೆ ಅಂದರೆ ಒಳ್ಳೆಯದಾ, ಐದಕ್ಕೆ ಆರು ಕೊಡ್ತೇನೆ ಅಂದರೆ ಒಳ್ಳೆಯದಾ?"

"ಇದೆಂತ ಕೇಳುವುದು ಮಾರಾಯ್ತಿ? ಎರಡಕ್ಕೆ ಮೂರು. ಎರಡು ತಕ್ಕೊಂಡರೆ ಒಂದು ಕೊಸರು. ಇನ್ನೊಂದರಲ್ಲಿ ಐದು ತಕ್ಕೊಂಡರೆ ಒಂದು ಕೊಸ…" ಅವಳು ರಸ್ತೆಯ ನಡುವೆಯೇ ನಿಂತಳು. ಹಿಂದಿನ ಟ್ಯಾಕ್ಸಿಯವನು ಹಾರನ್ ಬಾರಿಸಿದ.

"ಹತ್ತು ಗುಂಡಿ ಇಟ್ಟರೆ ಮೊದಲು ಹದಿನೈದು ಬರುತ್ತಿತ್ತು. ಈಗ ಹನ್ನೆರಡು" ಅಂದೆ.

"ಆ ಕಳ್ಳ. ನಾಳೆ ನೋಡು ಅವನಿಗೆ."

"ಕಳ್ಳ ಅಲ್ಲ. ಹೇಳಿಯೇ ಮಾಡಿದ್ದು. ನೀನು ಆಗಲಿ ಅಂದೆ."

ರೂಮಿನಲ್ಲಿ ಕಾಗದ ತೆಗೆದು ತೋರಿಸಿದೆ. ಅವಳಿಗೆ ಸಿಟ್ಟು ಪೂರಾ ಆ ಐದಕ್ಕೆ ಆರರ ಮೇಲೆ. ಆದರೆ ನನ್ನ ಗೀಟುಗಳು ಬೇರೆಯೇ ಹೇಳುತ್ತಿದ್ದವು. ನೂರು ಆಟದಲ್ಲಿ ಅವಳಿಗೆ ಬ್ಲ್ಯಾಕ್‌ಜ್ಯಾಕ್ ಬಿದ್ದದ್ದು ಐದು ಸಲ. ಕೊಸರು ಕಡಿಮೆಯಾಗಿ ಹೋದದ್ದು ಎಲ್ಲ ಸೇರಿ ಏಳೆಂಟು ಗುಂಡಿ ಅಷ್ಟೆ. ಸಮ ಬಂದದ್ದು ಒಂಬತ್ತು ಸಲ. ಒಂದೊಂದು ಸಲವೂ ಐದು ಐದು ಗುಂಡಿ ಸುಮ್ಮನೆ ಆ ಕಡೆ ಹೋಗಿದ್ದವು. ದೊಡ್ಡ ಮಾತಿನ ಹಿಂದೆ 'ಸಣ್ಣದೇನಾದರೂ' ಅಂತ ಮಾಸ್ಟ್ರು ಕೇಳಿದ್ದೇ ದೊಡ್ಡದು. ಎಕ್ಕದ ಹದಿನೇಳಿನಿಂದ ಹೆಚ್ಚೇನೂ ಹೋಗಿರಲಿಲ್ಲ.

"ಇನ್ನೂ ಒಂದುಂಟು" ಅಂದೆ. "ಅದನ್ನು ಯಾರೂ ಹೇಳುವುದಿಲ್ಲ. ಮೊದಲು ಆಡಬೇಕಾದವಳು ನೀನು. ನೀನು ಇಪ್ಪತ್ತೊಂದು ಮೀರಿದರೆ ಆಗಲೇ ಗುಂಡಿ ಹೋಯಿತು. ಆಮೇಲೆ ಅವರು ಎಳೆದರೆ ಅವರೂ ಮೀರುತ್ತಿದ್ದರೋ ಏನೋ, ಅದನ್ನು ನೋಡುವವರೇ ಇಲ್ಲ."

ಎಡ್ನಾ ಬಾಯಿ ಕಾಗದ ನನಗೆ ವಾಪಸು ಕೊಟ್ಟಳು. "ಹಾಗಾದರೆ ಹಳೇ ಲೆಕ್ಕಕ್ಕೇ ಬರುವ ಅಂತ ಹೇಳ್ತೇನೆ."

"ಬೇಡ. ಹಳೇ ಲೆಕ್ಕಕ್ಕೆ ಬಂದರೂ ಸಮಸಮ ನಡೆದೀತು, ಹೋದದ್ದು ಬರುವುದಿಲ್ಲ. ನಿಯಮ ಅವರದ್ದೇ ಇರಲಿ. ಎಲೆ ನೀನು ಹಂಚು."

ಮರುದಿನ ಊಟವಾದ ಮೇಲೆ ಎಡ್ನಾ ಬಾಯಿ ಎಲೆಕಟ್ಟಿನ ಮೇಲೆ ಕೈ ಇಟ್ಟಳು. "ಆರು ದಿನ ನೀವು ಹಂಚಿದಿರಿ. ಇನ್ನು ನಾಲ್ಕು ದಿನ ನಾನು."

"ನಿನಗೆ ಹಂಚಲಿಕ್ಕೆ ಬರುತ್ತದಾ? ಎಲೆ ಎಲ್ಲ ಮಿಷನ್ ಕೆಳಗೆ ಬಿದ್ದಾವು."

"ಬಿದ್ದರೆ ಹೆಕ್ಕುತ್ತೇನೆ."

"ಅದೆಲ್ಲ ಆಗಲಿಕ್ಕಿಲ್ಲ. ಆಟ ಹಡಗಿನದ್ದು, ಹಂಚುವವನು ಹಡಗಿನವನು." ಮಾಸ್ಟ್ರು ನಗುತ್ತಲೇ ಹೇಳಿದರು. ಆದರೆ ಕಟ್ಟು ಬಿಡಲಿಲ್ಲ.

ಎಡ್ನಾ ಬಾಯಿ ನನ್ನ ಕಡೆ ನೋಡಿದಳು. ಅವಳಿಗೆ ಲೆಕ್ಕ ಮರೆತುಹೋಗಿತ್ತು ಎಂದು ಮುಖದಲ್ಲೇ ಗೊತ್ತಾಯಿತು. ಗೌನಿನ ಅಂಚು ನೋಡುತ್ತಲೇ ಹೇಳಿದೆ, "ಮಾಸ್ಟ್ರೆ, ನಿಯಮ ಇಬ್ಬರಿಗೂ ಲಾಭ ಅಂತಾದರೆ, ಯಾರು ಹಂಚಿದರೂ ಒಂದೇ ಅಲ್ಲವಾ?"

ಮಾಸ್ಟ್ರು ತಿರುಗಿದರು. "ಏ, ಇವಳಿಗೆ ಬಾಯಿ ಉಂಟಾ? ಎರಡು ವರ್ಷದಿಂದ ನಾನು ಇವಳನ್ನು ಮಿಷನಿನ ಜೊತೆಗೆ ಬಂದದ್ದು ಅಂತ ತಿಳಿದಿದ್ದೆ."

ಸಕೀನಕ್ಕ ಚಹಾ ಲೋಟ ಕೆಳಗಿಟ್ಟರು. "ಅವಳು ಕೇಳಿದ್ದಕ್ಕೆ ಉತ್ತರ ಕೊಡು ಕೆನೆತ್. ಯಾರು ಹಂಚಿದರೂ ಒಂದೇ ಹೌದಾ, ಅಲ್ಲವಾ?"

ಒಂದೇ ಅಲ್ಲ ಅಂದರೆ ತಾನು ಮೋಸ ಮಾಡಿದ ಹಾಗೆ. ಒಂದೇ ಅಂದರೆ ಕಟ್ಟು ಬಿಡಬೇಕು. ಮಾಸ್ಟ್ರು ಕಟ್ಟನ್ನು ಮೇಜಿನ ಮೇಲೆ ಜಾರಿಸಿಬಿಟ್ಟರು. "ತಕ್ಕೋ. ನೂರ ನಲವತ್ತೆರಡು ಗುಂಡಿ ಉಂಟು ನನ್ನ ಹತ್ತಿರ. ನಾಲ್ಕು ದಿನದಲ್ಲಿ ಎಷ್ಟು ತಿಂತೀಯ ನೋಡುವ."

ಎಡ್ನಾ ಬಾಯಿ ಹಂಚುವುದು ನೋಡಲಿಕ್ಕೆ ಚಂದವಿರಲಿಲ್ಲ. ಅಕ್ಕಿ ಆರಿಸುವ ಹಾಗೆ ಒಂದೊಂದೇ ಎಲೆ ಇಡುತ್ತಿದ್ದಳು. ಮೊದಲ ದಿನ ಮಾಸ್ಟ್ರೇ ಆರು ಗುಂಡಿ ಗೆದ್ದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಗೀಟಿನ ಲೆಕ್ಕ ನೂರು ಆಟಕ್ಕೆ ಸರಿ, ಒಂದು ಮಧ್ಯಾಹ್ನಕ್ಕೆ ಸರಿ ಬರಲೇಬೇಕು ಅಂತ ಇಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಮಾತಾಡಿದವಳು ನಾನಲ್ಲವಾ.

"ಹೆದರಬೇಡ" ಅಂದಳು ಎಡ್ನಾ ಬಾಯಿಯೇ. "ನಿನ್ನ ಬಂಗುಡೆ ಲೆಕ್ಕ ನನಗೆ ಸರಿ ಕಂಡಿದೆ."

ಎರಡನೆಯ ದಿನದಿಂದ ಗುಂಡಿಗಳು ಈ ಕಡೆ ಬರತೊಡಗಿದವು. ದೊಡ್ಡ ಗೆಲುವು ಅಂತ ಯಾವುದೂ ಇಲ್ಲ. ಒಂದು ಸಮ, ಐದು ಗುಂಡಿ. ಮಾಸ್ಟ್ರು ಹದಿನಾರರ ಮೇಲೆ ಎಳೆದು ಮೀರಿದರೆ ಐದು. ಮತ್ತೆ ಒಂದು ಸಮ. ತಮ್ಮದೇ ನಿಯಮ, ಹಾಗಾಗಿ ಅವರು ಬಾಯಿ ಬಿಡುವ ಹಾಗಿರಲಿಲ್ಲ. ಒಂದು ಸಲ ಅವರಿಗೆ ಎಕ್ಕ ಮತ್ತು ರಾಣಿ ಬಿತ್ತು. ಎಡ್ನಾ ಬಾಯಿ ಐದಕ್ಕೆ ಆರು ಎಣಿಸಿ ಕೊಟ್ಟು, "ಧರ್ಮಕ್ಕೆ ಒಂದು ಜಾಸ್ತಿ ಉಂಟು ಮಾಸ್ಟ್ರೆ" ಅಂದಳು. ಸಕೀನಕ್ಕನಿಗೆ ಚಹಾ ನೆತ್ತಿಗೆ ಹತ್ತಿತು.

ಹೋದದ್ದನ್ನು ಎಳೆದುಕೊಳ್ಳಲು ಮಾಸ್ಟ್ರು ಹತ್ತು ಹತ್ತು ಇಡತೊಡಗಿದರು. ಹೆಚ್ಚು ಇಟ್ಟಷ್ಟೂ ಹೆಚ್ಚು ಹೋಯಿತು. ಹತ್ತನೆಯ ದಿನ ನಾಲ್ಕು ಗಂಟೆಗೆ ಸಕೀನಕ್ಕನೇ ಎಣಿಸಿದರು. ಎಡ್ನಾ ಬಾಯಿಗೆ ನೂರ ಹನ್ನೆರಡು.

"ಖಲಾಸ್" ಅಂದರು ಮಾಸ್ಟ್ರು. ಎದ್ದು ನಿಂತು, ಅಂಗಡಿಯ ಬಾಗಿಲು ತೆಗೆದು, ಎತ್ತರದ ದನಿಯಲ್ಲಿ ತಮಗೆ ತಾವೇ ಹೇಳಿಕೊಂಡರು, "ಎಂಟು ಮಂದಿಗೆ ಏನು ಹೇಳುವುದು ಇನ್ನು?"

ಕ್ರಿಸ್‌ಮಸ್ ದಿನ ಬೆಳಿಗ್ಗೆ ಆಂಟನಿ ಅಂಗಡಿಯ ಮುಂದಕ್ಕೇ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಒಂದು ಕೇಕಿನ ಪೊಟ್ಟಣ. ಎಡ್ನಾ ಬಾಯಿ ನೀಲಿ ಸೀರೆ ಉಟ್ಟಿದ್ದಳು. ಒಳಗೆ ಬಂದು ಕೇಕಿನಲ್ಲಿ ಅರ್ಧ ನಮಗೆ ಕೊಯ್ದು ಇಟ್ಟು, ನನ್ನ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟು ಹೋದಳು. ಸಮುದ್ರದ ಕಡೆ ಹೋಗುತ್ತೇವೆ, ಎಂಟಕ್ಕೆ ಮೊದಲು ಬರುವುದಿಲ್ಲ ಅಂದಳು. ಗಾಜಿನ ಹೊರಗೆ ಅವರಿಬ್ಬರೂ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದು ನಿಂತದ್ದು ನನ್ನ ಜಾಗದಿಂದ ಕಾಣುತ್ತಿತ್ತು. ಮೊದಲ ಟ್ಯಾಕ್ಸಿ ಬಂದಾಗ ಮಾತಿನಲ್ಲಿ ಮುಳುಗಿ ಹತ್ತಲಿಲ್ಲ.

ಮಾಸ್ಟ್ರು ಮುನಿಸಿಕೊಂಡಿರುತ್ತಾರೆ ಎಂದುಕೊಂಡಿದ್ದೆ. ಅವರು ಮೂರು ಗಂಟೆಗೇ ಎದ್ದು ರೂಮಿನವರಿಗೆಲ್ಲ ನಮ್ಮ ಕಡೆಯ ಅಕ್ಕಿ ಇಡ್ಲಿ, ಸನ್ನ, ಬೇಯಿಸಿ, ಕೋಳಿ ಪದಾರ್ಥ ಮಾಡಿಟ್ಟು ಬಂದಿದ್ದರು. ನಮಗೂ ಒಂದು ಡಬ್ಬ. "ಏಳೂವರೆಗೆಲ್ಲ ಅಡುಗೆ ಮುಗಿಯಿತು. ಇಷ್ಟು ಬೇಗ ಮುಗಿಯುತ್ತದೆ ಅಂತ ಗೊತ್ತಿದ್ದಿದ್ದರೆ ನಾನು ಆಡುತ್ತಲೇ ಇರಲಿಲ್ಲ" ಅಂದರು.

ಮಧ್ಯಾಹ್ನ ಸಕೀನಕ್ಕನೂ ಸೇರಿ ಮೂವರೂ ಕೂತು ಉಂಡೆವು. ಸನ್ನ ಹತ್ತಿಯ ಹಾಗಿತ್ತು. ಉಂಡಾದ ಮೇಲೆ ಮಾಸ್ಟ್ರು ಎಲೆಕಟ್ಟು ತೆಗೆದು ನನ್ನ ಮುಂದೆ ಇಟ್ಟರು. "ಇವತ್ತು ನೀನು ಹಂಚು. ನಿಯಮವೂ ನಿನ್ನದೇ."

ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮೇಜಿನ ತುದಿಯಿಂದ ನಡುವಿಗೆ ಸರಿದೆ.

"ಸಮ ಬಂದರೆ?" ಕೇಳಿದರು.

"ಅವರವರದ್ದು ಅವರವರಿಗೆ."

"ಬ್ಲ್ಯಾಕ್‌ಜ್ಯಾಕ್‌ಗೆ?"

"ಎರಡಕ್ಕೆ ಮೂರು."

"ಎಲ್ಲ ಬಿಟ್ಟುಕೊಟ್ಟರೆ ನಿನಗೆಂತ ಉಳಿಯಿತು ಮಾರಾಯ್ತಿ?"

"ಕೊನೆಗೆ ಆಡುವವಳು ನಾನಲ್ಲವಾ ಮಾಸ್ಟ್ರೆ. ಅಷ್ಟು ಸಾಕು."

"ನನಗೂ ಎರಡು ಎಲೆ ಹಾಕು, ನಾಲ್ಕಕ್ಕೆ ಇನ್ನೂ ಹೊತ್ತುಂಟು" ಅಂತ ಸಕೀನಕ್ಕ ಕುರ್ಚಿ ಎಳೆದುಕೊಂಡರು.