ಫ್ರೀಜರಿನ ಹಿಮಕ್ಕೆ ಬಗ್ಗದ ದೊಡ್ಡಮ್ಮ

ನಾನು ಫಿಲೋಮಿನ್ ನಾಟೊಮಗನ್, ನಗರದ ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ, ಕೆನಡಾದ ಕ್ರೀ ಬುಡಕಟ್ಟಿನ ಲೇಖಕಿ. ನಮ್ಮವರು ಕಥೆ ಹೇಳುವ ಪದ್ಧತಿಯ ಬಗ್ಗೆ ಗಂಟೆಗಟ್ಟಲೆ ಕೊರೆಯಬಲ್ಲೆ. ಆದರೆ ನನ್ನ ಆತ್ಮಕಥೆ ಮಾತ್ರ ನಾನು ಹುಟ್ಟುವುದಕ್ಕೆ ಮೊದಲೇ ನಿಂತುಹೋಗಿತ್ತು. ನಾನು ತೆವಳುವ ಮುಂಚೆಯೇ ಅಮ್ಮ ತೀರಿಕೊಂಡಳು. ಅವಳದೊಂದು ಫೋಟೊ ಕೂಡ ಇಲ್ಲ. ಅವಳನ್ನು ಬಲ್ಲವಳೆಂದರೆ ಅವಳ ಅಕ್ಕ, ಸರೋವರದ ದಂಡೆಯ ಯುಫ್ರೆಸಿನ್ ದೊಡ್ಡಮ್ಮ. ಅವಳಿಗೋ ಎದೆ ಹಿಡಿದುಕೊಂಡು ಕೆಮ್ಮುವ ವಯಸ್ಸು. ಅವಳು ಹೋದರೆ ಅಮ್ಮ ಇನ್ನೊಂದು ಸಲ ಸತ್ತಂತೆ.

ಬೇಸಿಗೆಯಲ್ಲಿ ಊರಿಗೆ ಓಡಿದೆ. ಬಟ್ಟೆಯಲ್ಲಿ ಕಟ್ಟಿದ ತಂಬಾಕನ್ನು ಮುಂದಿಟ್ಟು, ನಾನು ಹುಟ್ಟಿದ ಕಥೆ ಹೇಳು ಎಂದೆ. ದೊಡ್ಡಮ್ಮ ತೆಗೆದುಕೊಂಡಳು. ನಮ್ಮಲ್ಲಿ ತಂಬಾಕು ತೆಗೆದುಕೊಂಡವರು ಕೇಳಿದ್ದನ್ನು ಹೇಳಲೇಬೇಕು. ಖುಷಿಗೆ ಜೋರಾಗಿ ನಕ್ಕುಬಿಟ್ಟೆ. ದೋಣಿಯಲ್ಲಿದ್ದವರು ತಿರುಗಿ ನೋಡಿದರು. ಈ ನಗುವಿಗೇ ಊರು ನನ್ನನ್ನು ಕಾಡುಬಾತು ಎನ್ನುವುದು. ನಗರದಲ್ಲಿ ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ಕಷ್ಟಪಟ್ಟು ಕಲಿತಿದ್ದೆ.

"ಹಿಮ ಬೀಳ್ಲಿ, ಹೇಳ್ತೀನಿ."

"ಅಯ್ಯೋ, ಅಲ್ಲೀತನಕಾನಾ?"

"ನಿಮ್ಮಮ್ಮ ಹಿರಿಯಣ್ಣನ ಕಥೆ ಹೇಳ್ತಾ ಹೇಳ್ತಾನೇ ನಿನ್ನ ಹೆತ್ತಿದ್ದು ಕಣೇ. ಅದನ್ನ ಬಿಟ್ಟು ಇದನ್ನ ಹೇಳಕ್ಕಾಗಲ್ಲ. ಬೇಸ್ಗೇಲಿ ಹೇಳಿದ್ರೆ ಹಾಸ್ಗೇಗೆ ಕಪ್ಪೆ ಬರ್ತಾವೆ. ಓದ್ದೋಳು, ಇಷ್ಟೂ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು? ನಮ್ಮ ಪುರಾಣದ ಆ ವೇಷಗಾರ, ಕಿತಾಪತಿ ಹಿರಿಯಣ್ಣನ ಕಥೆಗಳಿಗೆ ನೆಲದ ಮೇಲೆ ಹಿಮವಿರಬೇಕೆಂದು ಒಂದು ಅಧ್ಯಾಯವನ್ನೇ ಬರೆದ ಮಹಾತಾಯಿ ನಾನು. ಆದರೆ ಆ ಕೆಮ್ಮು ಕೇಳಿ ಜೀವ ಬಾಯಿಗೆ ಬಂತು. ನೆಲದ ಮೇಲೆ ಹಿಮ ಇದ್ದರಾಯಿತು ತಾನೆ? ಮೀನಿಡುವ ಫ್ರೀಜರಿನ ಗೋಡೆ ಕೆರೆದು, ಬಕೆಟ್ ತುಂಬಿ ತಂದು ಅವಳ ಮೆಟ್ಟಿಲ ಮುಂದೆ ಸುರಿದೆ.

"ಹಿಮ ಬಿತ್ತು ದೊಡ್ಡಮ್ಮ."

ಅವಳು ಬಗ್ಗಿ ಮೂಸಿದಳು. "ಮೀನಿನ ವಾಸ್ನೆ ಹೊಡಿಯೋ ಹಿಮ ಯಾವ ಮೋಡದಿಂದ ಬಿತ್ತೇ?"

ಪಕ್ಕದ ಮನೆಯ ಝಕಾರಿ ಬಲೆ ಹೆಣೆಯುವುದನ್ನು ಬಿಟ್ಟು ಬಂದ. "ಹಿಮಗಾಡಿ ತರ್ಲಾ, ಕಾಡುಬಾತು? ಕರಗೋದ್ರೊಳ್ಗೆ ಒಂದು ಸುತ್ತು ಹೊಡ್ಕೊಂಡು ಬಾ!"

ನಾಯಿಗಳು ನನ್ನ ಚಳಿಗಾಲವನ್ನು ನೆಕ್ಕಿ ಮುಗಿಸಿದವು. ಸಂಜೆ ಅಂಗಡಿಗೆ ಹೋದರೆ ಜನ ಬೇಕಂತಲೇ ಕೈಗವಸು ತೊಟ್ಟು ನಿಂತಿದ್ದರು.

ನನಗೆ ಅಳು ಬಂತು. "ಅಷ್ಟ್ರಲ್ಲಿ ನೀನು ಸತ್ತೋದ್ರೆ?" ಎಂದು ದೊಡ್ಡಮ್ಮನ ಮೇಲೆ ಕೂಗಾಡಿದೆ.

"ತಂಬಾಕು ತಗೊಂಡಿದೀನಲ್ಲೇ! ಹೇಳ್ದೆ ಸಾಯಕ್ಕಾಗುತ್ತಾ? ಸುಮ್ನೆ ಸೌದೆ ಸೀಳು ಹೋಗು."

ಸೀಳಿದೆ. ಮೀನನ್ನೂ ಸೀಳಿದೆ, ನಾನು ಸೀಳಿದ ಮೀನನ್ನು ನಾಯಿಗಳಿಗೆ ಹಾಕಿದರು. ಅವಳು ಕೆಮ್ಮಿದಾಗಲೆಲ್ಲ ಮೋಡ ನೋಡಿದೆ. ಕೊನೆಗೊಂದು ಬೆಳಿಗ್ಗೆ ದೊಡ್ಡಮ್ಮನೇ ಬಂದು ನನ್ನ ಹೊದಿಕೆ ಎಳೆದಳು. ಹೊರಗೆ ಎಲ್ಲ ಬೆಳ್ಳಗಾಗಿತ್ತು.

ಚಹಾ ಕಾಯಿಸಿ, ಒಲೆಯ ಪಕ್ಕ ಕೂತು ಹೇಳಿದಳು. ಆ ಕಥೆಯನ್ನು ಇಲ್ಲಿ ಬರೆಯುವುದಿಲ್ಲ. ನೀವು ಯಾವ ತಿಂಗಳಲ್ಲಿ ಓದುತ್ತೀರೋ ಏನೋ. ಹಿರಿಯಣ್ಣ ತಾನು ತೋಡಿದ ಗುಂಡಿಗೆ ತಾನೇ ಬೀಳುವ ಜಾಗಕ್ಕೆ ಬಂದು ನಿಲ್ಲಿಸಿದಳು.

"ಇಲ್ಲಿಗೆ ಬಂದಾಗ ನಿಮ್ಮಮ್ಮಂಗೆ ನಗು ತಡೀಲಿಲ್ಲ ಕಣೇ. ಆ ನಗೂಗೇ ನೀನು ಬಂದ್ಬಿಟ್ಟೆ. ಹಿಂಗೆ ನಗೋಳು."

ಕತ್ತು ಹಿಂದಕ್ಕೆ ಚಾಚಿ ದೊಡ್ಡಮ್ಮ ನಕ್ಕು ತೋರಿಸಿದಳು. ನೀರಿನಿಂದ ಏಳುವ ಕಾಡುಬಾತು ಕೂಗಿದಂತಿತ್ತು. ನಾನು ನಗರದಲ್ಲಿ ಕೈಯಿಂದ ಮುಚ್ಚಿಕೊಂಡು ತಿರುಗಿದ ನಗು ಅದು, ನನ್ನದೇ.

ಮೊದಲು ಅತ್ತುಬಿಟ್ಟೆ. ಆಮೇಲೆ ಕೈ ಅಡ್ಡ ಇಡದೆ ನಕ್ಕೆ. ದೊಡ್ಡಮ್ಮ ಕೆಮ್ಮುತ್ತಲೇ ದನಿಗೂಡಿಸಿದಳು.

ಝಕಾರಿ ಆಚೆಯಿಂದ ಕೂಗಿದ: "ಏನ್ರೇ, ಹಿಮ ಬಿದ್ರೂ ಬಾತುಗಳಿನ್ನೂ ದಕ್ಷಿಣಕ್ಕೆ ಹೋಗಿಲ್ವಾ?"