ಎದುರಿನ ತಟ್ಟೆ

ಗಂಡ ಹೆಂಡತಿ ಇಬ್ಬರೂ ದಪ್ಪಗಿದ್ದರೆ ಒಂದು ಅನುಕೂಲವಿದೆ, ಒಬ್ಬರನ್ನೊಬ್ಬರು ಆಡಿಕೊಳ್ಳುವ ಹಾಗಿಲ್ಲ. ಕುರ್ಚಿ ರಿಪೇರಿಯವನಿಗೂ ಅವನ ಹೆಂಡತಿಗೂ ಮದುವೆಯಾದ ಲಾಗಾಯ್ತು ಈ ಅನುಕೂಲವಿತ್ತು. ಆಡಿಕೊಳ್ಳುವ ಕೆಲಸವನ್ನು ಬೀದಿಯವರು ಸಂಬಳವಿಲ್ಲದೆ ವಹಿಸಿಕೊಂಡಿದ್ದರು. ಇಬ್ಬರೂ ಸ್ಕೂಟರ್ ಹತ್ತಿದರೆ ಎದುರಿನ ಇಸ್ತ್ರಿ ಅಂಗಡಿಯವನು ಹಿಂದಿನ ಚಕ್ರವನ್ನೇ ನೋಡುತ್ತ ಲೊಚಗುಟ್ಟುತ್ತಿದ್ದ. ಅದಕ್ಕೆಲ್ಲ ಅವರು ಸೊಪ್ಪು ಹಾಕಿದವರಲ್ಲ. ಅವನು ಹೆಂಡತಿಯನ್ನು ಡುಮ್ಮಿ ಎಂದು ಕರೆಯುತ್ತಿದ್ದ. ಅವಳು ಅವನನ್ನು ರೀ ಎನ್ನುತ್ತಿದ್ದಳು, ಕೋಪ ಬಂದಾಗ ಮಾತ್ರ ದೊಡ್ಡ ಮನುಷ್ಯರು ಎನ್ನುತ್ತಿದ್ದಳು.

ಅವರ ಸಂಸಾರ ನಿಜವಾಗಿ ನಡೆಯುತ್ತಿದ್ದದ್ದು ಅಡುಗೆಮನೆಯ ಮೇಜಿನ ಎರಡು ಬದಿಯಲ್ಲಿ. ಅವನು ಹಗಲೆಲ್ಲ ಹರಿದ ಸೋಫಾಗಳ ಹಳೆ ಫೋಮು ಕಿತ್ತು, ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ಹೊದಿಸಿ, ಮೊಳೆ ಹೊಡೆದು ಬರುತ್ತಿದ್ದ. ಅವಳು ಬಸ್ ನಿಲ್ದಾಣದ ಕೌಂಟರಿನಲ್ಲಿ ಕೂತು ಪಾಸು ಕೊಟ್ಟು, ಚಿಲ್ಲರೆಗಾಗಿ ಜನರ ಜೊತೆ ಗುದ್ದಾಡಿ ಬರುತ್ತಿದ್ದಳು. ಸಂಜೆ ಎದುರುಬದುರು ಕೂತು ತಿನ್ನತೊಡಗಿದರೆ ಆ ದಣಿವೆಲ್ಲ ಅಲ್ಲೇ ಇಳಿಯುತ್ತಿತ್ತು. ಅವಳ ಕೈರುಚಿ ಅಂಥದ್ದು. ಜಗಳವಾದರೆ ಯಾರೂ ಕ್ಷಮೆ ಕೇಳುತ್ತಿರಲಿಲ್ಲ. ತಪ್ಪು ಯಾರದೋ ಅವರು ಮೀನಿನ ಒಳ್ಳೆಯ ತುಂಡನ್ನು ಎತ್ತಿ ಇನ್ನೊಬ್ಬರ ತಟ್ಟೆಗೆ ಹಾಕುತ್ತಿದ್ದರು, ಅಲ್ಲಿಗೆ ಮುಗಿಯಿತು. ಮಕ್ಕಳಿಲ್ಲದ ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ.

ಈ ಸಂತೋಷಕ್ಕೆ ಕಲ್ಲು ಹಾಕಿದ್ದು ಒಂದು ಕುರ್ಚಿ. ನಿಲ್ದಾಣದ ಕೌಂಟರುಗಳಿಗೆ ಹೊಸ ಕುರ್ಚಿಗಳು ಬಂದವು, ಎರಡೂ ಕಡೆ ಕಬ್ಬಿಣದ ಕೈ ಇದ್ದಂಥವು. ಮೊದಲ ದಿನವೇ ಅವಳು ಕೆಲಸ ಮುಗಿಸಿ ಎದ್ದಾಗ ಕುರ್ಚಿಯೂ ಅವಳ ಜೊತೆಗೇ ಎದ್ದಿತು. ಜೊತೆಯ ಕೆಲಸದವರಿಬ್ಬರು ಹಿಡಿದು ಎಳೆಯಬೇಕಾಯಿತು. ಗಾಜಿನ ಆಚೆ ಸಾಲಿನಲ್ಲಿ ನಿಂತಿದ್ದವರು ನಕ್ಕರು, ಒಬ್ಬ ಪುಣ್ಯಾತ್ಮ ಫೋನು ತೆಗೆದು ವಿಡಿಯೊ ಮಾಡಿಕೊಂಡ. ಅಂಥವರ ಫೋನು ನೀರಿಗೆ ಬೀಳಲಿ. ಮನೆಗೆ ಬಂದವಳು ತುಟಿ ಪಿಟಕ್ಕೆನ್ನಲಿಲ್ಲ, ಗಂಡನಿಗೆ ಮರುದಿನ ಒಬ್ಬ ಕಂಡಕ್ಟರ್ ಬಾಯಿಂದ ಗೊತ್ತಾಯಿತು. ಅವನು ಗರಗಸ ಹಿಡಿದು ನೇರ ನಿಲ್ದಾಣಕ್ಕೆ ಹೋಗಿ, ಕುರ್ಚಿಯ ಎರಡೂ ಕೈ ಕತ್ತರಿಸಿ, ಮೊನೆ ಉಜ್ಜಿ ನುಣ್ಣಗೆ ಮಾಡಿ, ದೊಡ್ಡ ಸಾಧನೆ ಮಾಡಿದವನಂತೆ ಬೀಗುತ್ತ ಮನೆಗೆ ಬಂದ.

“ಕುರ್ಚಿ ಕತ್ತರಿಸಿದ್ರಿ, ಸರಿ,” ಎಂದಳು ಅವಳು. “ಇನ್ನು ನಾನು ಹೋಗಿ ಹೊಟ್ಟೆ ಕತ್ತರಿಸಿಕೊಂಡು ಬರ್ತೀನಿ.”

ಅವನು ತಮಾಷೆ ಎಂದುಕೊಂಡ. ತಮಾಷೆಯಾಗಿರಲಿಲ್ಲ. ಅವಳು ಆಗಲೇ ಆಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದಳು, ಖರ್ಚನ್ನು ಕೆಲಸದ ಕಡೆಯ ವಿಮೆ ನೋಡಿಕೊಳ್ಳುತ್ತಿತ್ತು. ಅವನು, ನೋವಿಲ್ಲದ ಹೊಟ್ಟೆಗೆ ಯಾರಾದರೂ ಚಾಕು ಹಾಕಿಸಿಕೊಳ್ಳುತ್ತಾರೆಯೇ ಎಂದು ವಾರಗಟ್ಟಲೆ ಗೊಣಗಿದ. ಆದರೆ ಅವಳ ಮಂಡಿ ನೋವು, ಸಕ್ಕರೆ ಕಾಯಿಲೆ, ನಾಲ್ಕು ಮೆಟ್ಟಿಲು ಹತ್ತಿದರೆ ಬರುವ ಏದುಸಿರು ಇವೆಲ್ಲ ಅವನಿಗೂ ಇದ್ದವು, ಎಲ್ಲ ಒಂದು ಕೈ ಮೇಲೇ ಇದ್ದವು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು, ಮಾಡಿಸಿಕೊಂಡರೆ ಇಬ್ಬರೂ ಒಟ್ಟಿಗೇ ಮಾಡಿಸಿಕೊಳ್ಳುವುದು. ಒಬ್ಬರು ತಿಂದು ಒಬ್ಬರು ಬಿಟ್ಟರೆ ಆ ಮೇಜಿನ ಮುಂದೆ ಕೂರುವುದಾದರೂ ಹೇಗೆ?

ಡಾಕ್ಟರು ಮೃದು ಮಾತಿನ ಮನುಷ್ಯ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗ ತೆಗೆದುಬಿಡುತ್ತೇವೆ, ಉಳಿಯುವುದು ಒಂದು ಬಾಳೆಹಣ್ಣಿನಷ್ಟು ಎಂದು ಬೆರಳಿನಲ್ಲಿ ಅಳತೆ ತೋರಿಸಿ ವಿವರಿಸಿದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವಳಿಗೆ ದಿನ ಗೊತ್ತುಮಾಡಿದ, ಅವನನ್ನು ವಾಪಸು ಕಳಿಸಿದ. ಇವನ ಪಿತ್ತಜನಕಾಂಗ ಕೊಬ್ಬು ತುಂಬಿ ಊದಿಕೊಂಡಿದೆ, ಉಪಕರಣ ಒಳಗೆ ಹೋಗಲು ಜಾಗವಿಲ್ಲ, ನಿದ್ದೆಯಲ್ಲಿ ಉಸಿರು ಬೇರೆ ಕಟ್ಟುತ್ತದೆ. ಈ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಎಬ್ಬಿಸುವ ಧೈರ್ಯ ತನಗಿಲ್ಲ ಎಂದ. ಮೊದಲು ಹತ್ತು ಕಿಲೊ ಇಳಿಸಿಕೊಂಡು ಬರಬೇಕು. ಇಳಿಸದೆ ಹೀಗೇ ಇದ್ದರೆ ಹೃದಯ ಬಹಳ ವರ್ಷ ಎಳೆಯುವುದಿಲ್ಲ ಎಂದೂ ಹೇಳಿದ.

ಹಾಗಾದರೆ ತಾನೂ ಕಾಯುತ್ತೇನೆ ಎಂದು ಅವಳು ಹಟ ಹಿಡಿದಳು. ಅವಳ ಕಣ್ಣಲ್ಲಿ ಆ ಕಬ್ಬಿಣದ ಕುರ್ಚಿ ಇನ್ನೂ ಇದೆ ಎಂಬುದು ಅವನಿಗೆ ಗೊತ್ತಿತ್ತು. “ನೀನು ನಡಿ ಡುಮ್ಮಿ,” ಎಂದ, ರಶ್ಶಿನ ಬಸ್ಸಿಗೆ ಅವಳನ್ನು ಮೊದಲು ಹತ್ತಿಸುವವನಂತೆ. “ನಾನು ಹಿಂದೇನೇ ಬರ್ತೀನಿ.”

ಮೊದಲ ತಿಂಗಳುಗಳು ಹೇಗೋ ಕಳೆದವು. ಅವಳು ನೀರನ್ನೂ ಗುಟುಕು ಗುಟುಕಾಗಿ ಕುಡಿಯಬೇಕಿತ್ತು, ಆತುರಪಟ್ಟರೆ ಬಚ್ಚಲಿಗೆ ಓಡಬೇಕಿತ್ತು. ಆಮೇಲೆ ಗಂಜಿ, ಆಮೇಲೆ ಹಿಸುಕಿದ ಕಾಳು, ಅದೂ ಚಮಚದ ಲೆಕ್ಕ. ಆದರೆ ಮೈ ಇಳಿಯಿತು, ಕಣ್ಣೆದುರಿಗೇ ಇಳಿಯಿತು. ಒಂದು ದಿನ ಬಗ್ಗಿ ತನ್ನ ಚಪ್ಪಲಿಯ ಬಕಲ್ಲನ್ನು ತಾನೇ ಹಾಕಿಕೊಂಡು, ತಲೆ ಎತ್ತಿ ಅವನತ್ತ ನೋಡಿ ನಕ್ಕಳು. ಅವನಿಗೆ ಅಳುವೇ ಬಂತು, ಖುಷಿಗೆ. ಅವನೂ ಬೇಯಿಸಿದ ತರಕಾರಿ, ಎರಡು ತುಂಡು ಬ್ರೆಡ್ಡು ತಿಂದುಕೊಂಡು ನಾಲ್ಕು ಕಿಲೊ ಇಳಿದಿದ್ದ. ಡುಮ್ಮಿ ಎಂದು ಕರೆಯುವಾಗ ಮಾತ್ರ ಈಗೀಗ ನಾಲಿಗೆ ಒಂದು ಕ್ಷಣ ತಡೆಯುತ್ತಿತ್ತು.

ಹಸಿವು ಪೂರಾ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದು ಸುಳ್ಳಲ್ಲ. ಆಸೆ ಹೋಗುವುದಿಲ್ಲ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅವಳ ತಂಗಿ ಬಂದು, ಅಕ್ಕ ನೀನು ಹತ್ತು ವರ್ಷ ಚಿಕ್ಕವಳಾದೆ ಎಂದು ಹೊಗಳಿ ಹೋದ ಮಧ್ಯಾಹ್ನ, ಅವಳು ಅಡುಗೆಮನೆಯಲ್ಲಿ ಒಂದು ಬನ್ನು ಹಿಡಿದುಕೊಂಡು ಅಳುತ್ತಿದ್ದಳು. ಒಂದೇ ತುತ್ತು ತಿಂದಿದ್ದಳು, ಅದೂ ಹೊರಗೆ ಬಂದಿತ್ತು. ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಬಿಸಿಲಲ್ಲೂ ಸ್ವೆಟರ್ ಹಾಕಿಕೊಳ್ಳುತ್ತಿದ್ದಳು. ತಿನ್ನಬೇಕಾದ ನಾಲ್ಕು ಚಮಚವನ್ನೂ ತಿನ್ನಲಾರದೆ ಬಟ್ಟಲನ್ನು ಅತ್ತ ಸರಿಸುತ್ತಿದ್ದಳು. ಒಂದು ದಿನ ಕೌಂಟರಿನಲ್ಲೇ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ತೀರ ಕಡಿಮೆಯಾಗಿದೆಯೆಂದು ಬಾಟಲಿ ಏರಿಸಿ, ಆ ನಾಲ್ಕು ಚಮಚವನ್ನಾದರೂ ಹೊಟ್ಟೆಗೆ ಹಾಕಿಕೊಳ್ಳದಿದ್ದರೆ ಉಳಿಯುವುದು ಕಷ್ಟ ಎಂದು ಬೈದು ಕಳಿಸಿದರು.

ಅದಾದ ಮೇಲಿನ ಭಾನುವಾರ ಅವಳು ಬಹಳ ದಿನಕ್ಕೆ ಬಾಣಲೆ ಇಟ್ಟು ಆಲೂಗಡ್ಡೆ ಕರಿದಳು. ತಟ್ಟೆ ತುಂಬಿಸಿ ಅವನ ಮುಂದಿಟ್ಟು, ತನ್ನ ಬಟ್ಟಲು ಹಿಡಿದು ಎದುರಿಗೆ ಕೂತಳು.

“ಒಂಚೂರು ತಿನ್ನಿ. ನಾನು ಸುಮ್ನೆ ನೋಡ್ತೀನಿ,” ಎಂದಳು.

ಅವನು ತಿಂದ. ಅವಳು ಮೇಜಿನ ಮೇಲೆ ಬಾಗಿ, ಗರಿಗರಿಯಾಗಿದೆಯಾ, ಒಳಗೆ ಮೆತ್ತಗಿದೆಯಾ, ಖಾರ ಹತ್ತಿದೆಯಾ ಎಂದು ಒಂದೊಂದನ್ನೂ ಕೇಳಿ ತಿಳಿದುಕೊಂಡಳು. ಅವನು ಅಗಿದಾಗ ಅವಳ ದವಡೆ ಅಲುಗಿತು, ಅವನು ನುಂಗಿದಾಗ ಅವಳ ಗಂಟಲು ಏರಿ ಇಳಿಯಿತು. ಮಾತಿನ ಮಧ್ಯೆ ತನಗೇ ಗೊತ್ತಿಲ್ಲದೆ ಬಟ್ಟಲಿನಲ್ಲಿದ್ದುದನ್ನೆಲ್ಲ ತಿಂದು ಮುಗಿಸಿದ್ದಳು. ಒಂದು ಸಲವೂ ಓಕರಿಸಲಿಲ್ಲ. ಅವನು ಅದನ್ನು ನೋಡಿ ಉಳಿದ ಆಲೂಗಡ್ಡೆಯನ್ನೂ ತಿಂದ.

ಅಂದಿನಿಂದ ಅದೇ ಕ್ರಮವಾಯಿತು. ಅವಳು ಮಾಡುವುದು, ಅವನು ತಿನ್ನುವುದು, ಅವಳು ನೋಡುತ್ತ ತನ್ನ ನಾಲ್ಕು ಚಮಚ ಇಳಿಸುವುದು. ಕೋಳಿ, ಮೀನು, ಬೆಣ್ಣೆ ಹಚ್ಚಿ ಸುಟ್ಟ ಬ್ರೆಡ್ಡು, ರಜೆ ಇದ್ದರೆ ಕೇಕು. ಅವಳ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಅವನಿಗೆ ಇಳಿದಿದ್ದ ನಾಲ್ಕು ಕಿಲೊ ಬಡ್ಡಿಸಮೇತ ವಾಪಸು ಬಂತು. ಅಂಗಡಿಯಲ್ಲಿ ಸೋಫಾ ತಿರುಗಿಸಿ ಹಾಕುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು, ಎದೆ ಹಿಡಿದುಕೊಂಡು ಅದೇ ಸೋಫಾದ ಮೇಲೆ ಕೂತುಬಿಡುತ್ತಿದ್ದ.

ತಪ್ಪಿಸಿಕೊಳ್ಳಲು ಅವನೂ ನೋಡಿದ. ಅಗಿದು ನುಂಗಿದಂತೆ ಮಾಡಿ ಕರವಸ್ತ್ರಕ್ಕೆ ಉಗುಳಿದ, ಅವಳು ಕಂಡುಹಿಡಿದಳು. ಇವತ್ತು ಬೇಡ ಎಂದು ತಟ್ಟೆ ಸರಿಸಿದ ದಿನ ಅವಳ ಬಟ್ಟಲು ಹಾಗೇ ಒಣಗಿತು. ಅದು ಹಟವಲ್ಲ, ಸಿಟ್ಟಲ್ಲ. ಹಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಅವಳು ಪ್ರಯತ್ನಪಡುತ್ತಿದ್ದಳು, ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು, ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಅವನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯದಾಯಿತು. ತಿಂದರೆ ತಾನು ಹೋಗುತ್ತೇನೆ, ಬಿಟ್ಟರೆ ಅವಳು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹೆಂಡತಿಗಾಗಿ ತಿನ್ನುತ್ತಿದ್ದೇನೆ ಎಂದು ಅಷ್ಟು ದಪ್ಪಗಿರುವವನು ಹೇಳಿದರೆ ಕೇಳಿದವರು ಬಿದ್ದು ಬಿದ್ದು ನಗುತ್ತಾರೆ.

ಅವನು ತೂಕ ತೋರಿಸಬೇಕಾದ ದಿನ ಬಂತು. ಇಬ್ಬರೂ ಹೋದರು. ಡಾಕ್ಟರು ತೂಕದ ಯಂತ್ರವನ್ನು ನೋಡಿದ, ಅವನ ಮುಖ ನೋಡಿದ, ಮತ್ತೆ ಯಂತ್ರವನ್ನು ನೋಡಿದ. ಮೃದು ಮಾತು ಅವತ್ತು ಎಲ್ಲಿ ಹೋಗಿತ್ತೋ. ಬಾಗಿಲಲ್ಲಿ ನರ್ಸುಗಳು ನಿಂತಿರುವಾಗಲೇ, ನಿಮಗೆ ಬದುಕುವ ಮನಸ್ಸಿದೆಯೋ ಇಲ್ಲವೋ, ನಿಮ್ಮ ಹೆಂಡತಿಯನ್ನು ನೋಡಿ ಕಲಿಯಬಾರದೇ ಎಂದು ಗದರಿದ. ಹೆಂಡತಿ ಬಾಯಿ ತೆರೆದಳು. ಅವಳು ಹೇಳಿಬಿಡುತ್ತಾಳೆಂದು ಅವನಿಗೆ ಭಯವಾಯಿತು.

“ನನ್ನ ಬಾಯಿ ಚಪಲ ಸರ್,” ಎಂದ ಅವನು. “ನನಗೆ ತಡ್ಕೊಳೋಕೆ ಆಗಲ್ಲ.”

ವಾಪಸು ಬರುವಾಗ ಬಸ್ಸಿನ ಸೀಟಿನಲ್ಲಿ ಒಂದೂವರೆ ಜಾಗ ಅವನದಾಯಿತು, ಉಳಿದರ್ಧದಲ್ಲಿ ಅವಳು ಆರಾಮವಾಗಿ ಹಿಡಿಸಿದಳು.

“ನಾನು ನಿಮ್ಮನ್ನ ಕೊಲ್ತಾ ಇದ್ದೀನಿ ರೀ,” ಎಂದಳು. “ನನಗೆ ಗೊತ್ತು. ತುಂಬ ದಿನದಿಂದ ಗೊತ್ತು. ಇವತ್ತಿಂದ ನಿಮ್ಮ ತಟ್ಟೆಗೆ ನಾನು ಏನೂ ಹಾಕಲ್ಲ.”

ಅವನಿಗೆ ಹೊತ್ತ ಮೂಟೆ ಇಳಿಸಿದಷ್ಟು ಹಗುರವಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ಮಧ್ಯಾಹ್ನ ಅವಳು ಕಾಳು ಬೇಯಿಸಿ ಹಿಸುಕಿ ಎರಡು ಬಟ್ಟಲಿಗೆ ಸಮನಾಗಿ ಹಾಕಿದಳು. ಇಬ್ಬರೂ ಕೂತರು. ಅವನದು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಖಾಲಿಯಾಯಿತು. ಅವಳು ಮೊದಲ ಚಮಚವನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತಳು, ಆಮೇಲೆ ಎದ್ದು ಸಿಂಕಿನ ಹತ್ತಿರ ಹೋಗಿ ಉಗುಳಿ ಬಂದಳು. ನಿಧಾನ ಕಣೇ, ಯಾರು ಓಡಿಸ್ಕೊಂಡು ಬರ್ತಿದ್ದಾರೆ ಎಂದು ಅವನು ಸಮಾಧಾನ ಹೇಳಿದ. ಇಸ್ತ್ರಿ ಅಂಗಡಿಯವನು ಯಾರದೋ ಪ್ಯಾಂಟು ಸುಟ್ಟು, ಜೇಬಿದ್ದ ಕಡೆಯೇ ಸುಟ್ಟಿದ್ದು ನಿಮ್ಮ ಅದೃಷ್ಟ, ಅದರಲ್ಲಿಡಲು ಹೇಗೂ ದುಡ್ಡಿಲ್ಲ ಎಂದು ವಾದಿಸಿದ ಕತೆ ಹೇಳಿದ. ಅವಳು ನಕ್ಕಳು, ಮತ್ತೆ ಪ್ರಯತ್ನಿಸಿದಳು, ಮತ್ತೆ ಎದ್ದು ಹೋದಳು. ಸಿಂಕಿಗೆ ಬಾಗಿದಾಗ ರವಿಕೆಯ ಮೇಲಿಂದಲೇ ಬೆನ್ನಿನ ಮೂಳೆಗಳು ಒಂದೊಂದಾಗಿ ಕಂಡವು.

ಮೂರನೆಯ ಸಲ ಬಂದು ಕೂತವಳು ಅವನ ಕಡೆ ನೋಡಲೇ ಇಲ್ಲ. ಏನೂ ಕೇಳಲಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂದು ಗೋಡೆಯನ್ನೇ ನೋಡುತ್ತ, ಕೈಯಲ್ಲಿ ಚಮಚ ಹಿಡಿದು ಕೂತಿದ್ದಳು. ತಿನ್ನಿ ಎಂದು ಕೇಳಿದ್ದರೆ ಅವನು ಖಂಡಿತ ಒಲ್ಲೆ ಎನ್ನುತ್ತಿದ್ದ. ಅದಕ್ಕೆ ಅವನು ಸಿದ್ಧನಾಗಿದ್ದ.

ಅವನು ಎದ್ದು ಒಲೆ ಹಚ್ಚಿದ. ಬಾಣಲೆಗೆ ಬೆಣ್ಣೆ ಹಾಕಿದ, ಅದು ಕರಗಿ ಸದ್ದು ಮಾಡತೊಡಗಿದಾಗ ಎರಡು ಮೊಟ್ಟೆ ಒಡೆದು ಹಾಕಿದ.

“ಬೇಡ ರೀ,” ಎಂದಳು ಅವಳು. “ನನ್ನಾಣೆ, ಬೇಡ.” ಅಷ್ಟು ಹೇಳುವಾಗಲೇ ಅವಳ ಮುಖ ಗೋಡೆಯಿಂದ ಬಾಣಲೆಯ ಕಡೆ ತಿರುಗಿತ್ತು.

“ನನಗೆ ಹಸಿವು ಕಣೇ,” ಎಂದ ಅವನು.

ಬಾಣಲೆಯನ್ನೇ ಮೇಜಿನ ಮೇಲೆ ತಂದಿಟ್ಟು, ಬ್ರೆಡ್ಡು ಮುರಿದು ಹಳದಿಗೆ ಅದ್ದಿ ಬಾಯಿಗಿಟ್ಟುಕೊಂಡ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವುದೂ ಅವಳಿಗೆ ನೆನಪಿರಲಿಲ್ಲ.

“ಉಪ್ಪು?” ಎಂದು ಮೆಲ್ಲಗೆ ಕೇಳಿದಳು.

“ಸ್ವಲ್ಪ ಕಡಿಮೆ.”

ಅವಳು ಉಪ್ಪಿನ ಡಬ್ಬಿಯನ್ನು ಅವನತ್ತ ಸರಿಸಿದಳು. ಅವನು ಚಿಮುಕಿಸಿಕೊಂಡು ಇನ್ನೊಂದು ತುತ್ತು ತಿಂದ. ಅವಳ ಚಮಚ ಮೇಲೆ ಬಂತು, ಬಾಯಿಗೆ ಹೋಯಿತು, ಗಂಟಲು ಒಮ್ಮೆ ಏರಿ ಇಳಿಯಿತು. ಅವನು ಉಸಿರು ಹಿಡಿದು ಕಾದ. ಅದು ಒಳಗೇ ಉಳಿಯಿತು. ಅವಳಿಗೆ ಇನ್ನೂ ಮೂರು ಚಮಚ ಇಳಿಯಬೇಕಿತ್ತು, ಅವನ ಬಾಣಲೆ ಆಗಲೇ ಖಾಲಿಯಾಗುತ್ತ ಬಂದಿತ್ತು. ಅವನು ಮೇಜಿಗೆ ಕೈ ಊರಿ ಕಷ್ಟಪಟ್ಟು ಎದ್ದು, ಇನ್ನೆರಡು ಮೊಟ್ಟೆ ಒಡೆದ.